ಮನೆ ನೋಡೋಕೆ ಹೊರಟ ಕಾರು

"ಬ್ರೇಕ್ ಒತ್ತಿ, ಅಂಬಿಕ ಅವ್ರೇ," ಎಂದ ಪೆರುಮಾಳ್, ಚಕ್ರ ಬಿಚ್ಚಿದ ಕಾರಿನ ಪಕ್ಕ ಮಂಡಿಯೂರಿ.

ಅವ್ರೇ ಅಂತೆ! ಬಂಗಾರಪೇಟೆಯ ಆಫೀಸಿನಲ್ಲಿ ಎದುರು ಟೇಬಲ್ಲಿನಿಂದ ದಿನವಿಡೀ 'ಅಂಬಿ, ಅಂಬಿ' ಎಂದು ಪ್ರಾಣ ತಿನ್ನುವವನು ಇವತ್ತು ಬೂದಿಕೋಟೆಯಲ್ಲಿ, ಅವಳ ಮನೆಯಂಗಳದಲ್ಲಿ, ಬಹುವಚನ ಹಿಡಿದಿದ್ದ. ಇನ್ನೇನು ಮಾಡಿಯಾನು? ಜಗಲಿಯ ಮೇಲೆ ಅಪ್ಪ ಮುನಿನಾರಾಯಣಪ್ಪ ಕಾಫಿ ಕುಡಿಯುತ್ತಾ ಕೂತಿದ್ದರು.

ಡ್ರೈವರ್ ಸೀಟಿನಲ್ಲಿದ್ದ ಅಂಬಿಕ ಪೆಡಲ್ ಮೇಲೆ ಕಾಲಿಟ್ಟಳು. ಒತ್ತಲಿಲ್ಲ.

ತಪ್ಪು ಅವಳದೇ. ಮಳೆಗಾಲವೆಲ್ಲ ಹೊಂಗೆಮರದ ಕೆಳಗೆ ನಿಂತಿದ್ದ ಕಾರಿನ ಬ್ರೇಕ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಭಾನುವಾರ ಬೇರೆ, ಮೆಕ್ಯಾನಿಕ್ ಸಿಗಲಿಲ್ಲ. "ನಮ್ಮಾಫೀಸಲ್ಲಿ ಒಬ್ರು ತಮ್ಮ ಕಾರು ತಾವೇ ರಿಪೇರಿ ಮಾಡ್ಕೊತಾರೆ ಅಪ್ಪ," ಎಂದು ಅವಳೇ ಬಾಯಿ ಹಾಕಿದ್ದಳು. ರಜೆಯ ದಿನವೂ ಅವನ ಮುಖ ನೋಡುವ ಆಸೆ, ಮತ್ತೇನು! ಅವನು ಚಿನ್ನದ ಗಣಿಯ ಊರಿಗಾಂನ ತನ್ನ ಮನೆಯಿಂದ ಬೈಕಿನಲ್ಲಿ ಬಂದು ಚಕ್ರ ಬಿಚ್ಚಿದ ಮೇಲೆ ಅಪ್ಪ ವಿಷಯ ಹೇಳಿದರು.

"ನಾಳೆ ಕಾಮಸಮುದ್ರಕ್ಕೆ ಓಗ್ಬೇಕು ಕಣಪ್ಪ. ಓದ್ವಾರ ಗಂಡಿನ ಕಡೆಯೋರು ಬಂದು ಇವಳನ್ನ ನೋಡ್ಕೊಂಡು ಓದ್ರು, ಒಪ್ಪಿದ್ದಾರೆ. ನಾವು ಓಗಿ ಅವರ ಮನೆ ನೋಡ್ಕೊಂಡು ಬಂದ್ರೆ ಮಾತು ಮುಗೀತು."

ಒಪ್ಪಿದ್ದಾರೆಂಬ ಸುದ್ದಿ ಅಂಬಿಕಳಿಗೂ ಆಗಲೇ ತಿಳಿದದ್ದು. ಪೆರುಮಾಳನ ಕೈಯಿಂದ ಸ್ಪಾನರ್ ಜಾರಿತು. ಇಬ್ಬರೂ ಈವರೆಗೆ ಬಾಯಿಬಿಟ್ಟು ಏನನ್ನೂ ಹೇಳಿಕೊಂಡಿರಲಿಲ್ಲ. ನೋಟಗಳಿಗೇನು, ಲೆಕ್ಕವೇ ಇರಲಿಲ್ಲ.

ಆದರೂ ಕೆಲಸ ಬಿಡಲಿಲ್ಲ, ಪಾಪಿ! ಆಯಿಲ್ ಸ್ಪ್ರೇ ಹೊಡೆದು, ಸುತ್ತಿಗೆಯಲ್ಲಿ ತಟ್ಟಿ ತಟ್ಟಿ, ಚಕ್ರಕ್ಕೆ ಬ್ರೇಕ್ ಹಿಡಿಸುವ ಕ್ಯಾಲಿಪರ್ ಒಳಗೆ ಹಿಡಿದುಕೊಂಡಿದ್ದ ಪಿನ್ನುಗಳನ್ನು ಎಳೆದ. ಉಜ್ಜಿದ, ಗ್ರೀಸ್ ಹಚ್ಚಿದ. ಇನ್ನುಳಿದದ್ದು ತುಕ್ಕಿಗೆ ಸಿಕ್ಕಿಕೊಂಡಿದ್ದ ಪಿಸ್ಟನ್ ಒಂದೇ. ಪೆಡಲ್ ಮೆಲ್ಲಗೆ ಒತ್ತಿದರೆ ಬ್ರೇಕ್ ಆಯಿಲಿನ ಒತ್ತಡಕ್ಕೆ ಅದೂ ಈಚೆ ಬರುತ್ತದೆ.

ಅಪ್ಪ ಲೋಟ ಇಡಲು ಒಳಗೆ ಹೋದರು.

"ಅಂಬಿ, ಒತ್ತು ಮಾ."

"ಒತ್ತಲ್ಲ. ಬರ್ಲಿಲ್ಲ ಅಂತ ಹೇಳಿ ಎದ್ದೋಗು."

ಅವನು ತಲೆಯೆತ್ತಿದ. ಮೂಗಿನ ಮೇಲೆ ಗ್ರೀಸು. ಬೇರೆ ದಿನವಾಗಿದ್ದರೆ ಅವಳು ನಕ್ಕು ಸಾಯುತ್ತಿದ್ದಳು. ಇವತ್ತು ಆ ಕಣ್ಣು ನೋಡಲಾರದೆ ಸ್ಟೀರಿಂಗ್ ಕಡೆ ತಿರುಗಿದಳು.

"ಬಿಟ್ಟೋದ್ರೆ ಬಸ್ಸಲ್ಲಿ ಓಗ್ತಾರೆ. ಇಲ್ಲಾಂದ್ರೆ ಇದೇ ಗಾಡೀಲಿ ಓಗ್ತಾರೆ, ಅರ್ಧ ಬ್ರೇಕಲ್ಲಿ. ನಿಮ್ಮಪ್ಪ ಕೂರೋ ಗಾಡಿ ಅಂಬಿ, ನನ್ ಕೈಲಾಗಲ್ಲ."

"ನಾನು ಮದ್ವೆಯಾಗಿ ಓದ್ರೆ ನಿಂಗೇನೂ ಇಲ್ವಾ?"

"ಇಲ್ದೆ ಏನು? ನೀನು ರಜಾ ಹಾಕಿದ್ ದಿನ ನಂಗೆ ಟೀನೂ ಗಂಟಲಲ್ಲಿ ಇಳಿಯಲ್ಲ." ಅವನು ಸುತ್ತಿಗೆ ಕೆಳಗಿಟ್ಟ. "ನೀನಂದ್ರೆ ಪ್ರಾಣ ನಂಗೆ. ಆದ್ರೆ ಗಣಿ ಲೈನಲ್ಲಿ ಎರಡೇ ರೂಮಿನ ಮನೆ ನಮ್ದು. ನಿಮ್ಮಪ್ಪನಿಗೆ ಏನಂತ ತೋರ್ಸ್ಲಿ?"

ಎಷ್ಟು ದಿನದಿಂದ ಕಾದಿದ್ದ ಮಾತು! ಬಂದದ್ದು ನೋಡಿ, ಎಂಥ ಹೊತ್ತಿನಲ್ಲಿ. ಅವಳಿಗೆ ಖುಷಿ ಪಡಲೂ ಆಗಲಿಲ್ಲ, ಅಳಲೂ ಆಗಲಿಲ್ಲ. ಅಪ್ಪನ ಚಪ್ಪಲಿ ಸದ್ದಾಯಿತು.

ಅವಳು ಪೆಡಲ್ ಒತ್ತಿದಳು. ಮೆಲ್ಲಗೆ, ಇನ್ನೂ ಮೆಲ್ಲಗೆ.

"ಬತ್ತಾ ಐತೆ... ಸಾಕು, ಸಾಕು!"

ಪಿಸ್ಟನ್ ಈಚೆ ಬಂದಿತ್ತು. ಅವನು ತುಕ್ಕು ಒರೆಸಿ, ಒಳಗೆ ತಳ್ಳಿ, ಎಲ್ಲ ಜೋಡಿಸಿ ಚಕ್ರ ಹಾಕಿದ. ಅಪ್ಪ ಬಂದು ತಾವೇ ತಿರುಗಿಸಿ ನೋಡಿದರು. ಸಲೀಸಾಗಿ ತಿರುಗಿತು.

"ಭೇಷ್! ನಾಳೆ ಒಂದಿನ ರಜಾ ಹಾಕಿ ನೀನೇ ಓಡ್ಸ್ಕೊಂಡು ಬಾರಪ್ಪ, ಕಾಮಸಮುದ್ರಕ್ಕೆ."

"ಆಯ್ತು ಸಾರ್," ಎಂದ ಪೆರುಮಾಳ್, ನೆಲ ನೋಡುತ್ತಾ.

ಆಯ್ತಂತೆ! ಅಂಬಿಕಳಿಗೆ ಎಲ್ಲಿತ್ತೋ ಸಿಟ್ಟು, ಕಾರಿನಿಂದ ಇಳಿದೇಬಿಟ್ಟಳು.

"ಅಪ್ಪ, ಕಾಮಸಮುದ್ರಕ್ಕೆ ಓಗ್ಬೇಡ. ಮನೆ ನೋಡೋದಾದ್ರೆ ಊರಿಗಾಂಗೆ ಓಗು. ಇವ್ರ ಮನೆ ನೋಡ್ಕೊಂಡು ಬಾ."

ಅಪ್ಪ ಅವಳನ್ನು ನೋಡಿದರು, ಅವನನ್ನು ನೋಡಿದರು. ಪೆರುಮಾಳ್ ಬಟ್ಟೆ ಚೂರಿನಲ್ಲಿ ಕೈ ಒರೆಸುತ್ತಲೇ ಇದ್ದ.

"ನಿಮ್ಮನೇಲಿ ಯಾರ್ಯಾರು ಇದ್ದೀರಪ್ಪ?"

ದನಿಯಲ್ಲಿ ಕೋಪವಿತ್ತು. ಆದರೆ ಅದು ಹೆಣ್ಣು ಹೆತ್ತವರು ಗಂಡಿಗೆ ಕೇಳುವ ಪ್ರಶ್ನೆ.

"ಅವ್ರಮ್ಮ, ಇವ್ರು, ಇಬ್ರೇ," ಎಂದಳು ಅಂಬಿಕ. "ನಾಳೆ ನೀನು ಬತ್ತೀಯ ಅಂತ ಅವ್ರಮ್ಮಂಗೆ ಹೇಳ್ಲಾ ಅಪ್ಪ?"

"ನೋಡೋಕೆ ಬತ್ತೀನಿ. ಒಪ್ಪಿದ್ದೀನಿ ಅಂತಲ್ಲ."

ಅಷ್ಟು ಹೇಳಿ ಅಪ್ಪ ಒಳಗೆ ಹೋದರು. ಅಂಬಿಕ ಅಲ್ಲೇ ಕಾರಿಗೊರಗಿ ಅತ್ತಳು. ಹತ್ತಿರ ಬಂದು ಕಣ್ಣೊರೆಸಲು ಪೆರುಮಾಳನಿಗೆ ಕೈತುಂಬಾ ಗ್ರೀಸು.