ಕಿಟಕಿ ಕಡೆಯ ಕೆನ್ನೆ

ಮದುವೆಯಾಗೋಣವೇ ಎಂದು ಕೇಳಿದ ಮರುದಿನವೇ ಒಬ್ಬ ಗಂಡಸು ಕೈಗೆ ಸನ್‌ಸ್ಕ್ರೀನ್ ಟ್ಯೂಬ್ ತುರುಕಿದರೆ ನಾನು ಏನೆಂದು ತಿಳಿಯಬೇಕು, ನೀವೇ ಹೇಳಿ.

ನಾನು ಸಿಟಿ ಬಸ್ ಓಡಿಸುವವಳು. ಅವರು ಡಿಪೋ ಗೇಟಿನ ಟೈಮ್‌ಕೀಪರ್. ಪ್ರತಿ ಟ್ರಿಪ್ಪಿಗೂ ನಾನು ಅವರ ಗೂಡಿನ ಪಕ್ಕ ಬಸ್ ನಿಲ್ಲಿಸಬೇಕು, ಅವರು ನನ್ನ ಕಿಟಕಿಯ ಕೆಳಗೆ ಬಂದು ಹೊರಡುವ ಟೈಮ್ ಬರೆದ ಚೀಟಿ ಕೊಡಬೇಕು. ಕೆಲಸ ಅಷ್ಟೇ. ಆದರೆ ಆ ಮನುಷ್ಯ ಮೊದಲು ಗಡಿಯಾರ ನೋಡಿ, ಆಮೇಲೆ ನನ್ನನ್ನು ನೋಡಿ, ಮತ್ತೆ ಗಡಿಯಾರ ನೋಡುತ್ತಿದ್ದರು. ನಡುವೆ ಟೈಮ್ ಮರೆತೇಹೋಯಿತು ಎಂಬಂತೆ. ಲೇಟಾಗಿ ಬಂದರೆ ಹುಬ್ಬು ಏರಿಸುತ್ತಿದ್ದರು. ನಾನೂ ಏರಿಸುತ್ತಿದ್ದೆ. ಹೀಗೆ ಹುಬ್ಬಿನಲ್ಲೇ ವರ್ಷಗಟ್ಟಲೆ ಮಾತಾಡಿಕೊಂಡೆವು.

ನನ್ನ ಮುಖದ ವಿಷಯ ಈಗಲೇ ಹೇಳಿಬಿಡುತ್ತೇನೆ. ನನಗೆ ನಲವತ್ತೆಂಟು. ಎಡಗೆನ್ನೆಗೆ ಮಾತ್ರ ಇನ್ನೂ ನಲವತ್ತು ದಾಟಿಲ್ಲ. ಬಲಗಡೆ ಕಿಟಕಿ, ದಿನವಿಡೀ ಬಿಸಿಲು. ಆ ಕೆನ್ನೆ ಸುಕ್ಕುಗಟ್ಟಿ, ಕಣ್ಣಿನಂಚಿನಿಂದ ಗದ್ದದವರೆಗೆ ಗೆರೆ ಬಿದ್ದು, ಎಡಗಡೆಯವಳಿಗೆ ದೊಡ್ಡಕ್ಕನ ಹಾಗೆ ಕಾಣುತ್ತದೆ. ಫೋಟೋ ಎಂದರೆ ನಾನು ಎಡಗೆನ್ನೆ ಕೊಡುತ್ತೇನೆ. ಕನ್ನಡಿಯ ಮುಂದೆಯೂ ಓರೆಯಾಗಿಯೇ ನಿಲ್ಲುತ್ತೇನೆ.

ಅವರ ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ನನಗೆ ಮದುವೆ ಕೂಡಿಬಂದಿರಲಿಲ್ಲ, ಆಮೇಲೆ ಕೇಳುವವರೂ ಇರಲಿಲ್ಲ. ಅಂಥದ್ದರಲ್ಲಿ ಒಂದು ಬೆಳಗ್ಗೆ ಚೀಟಿಯನ್ನು ಕೊಡದೆ ಕೈಯಲ್ಲೇ ಹಿಡಿದುಕೊಂಡು, "ಮದುವೆ ಆಗೋಣವಾ?" ಅಂದರು. ಹಿಂದಿನ ಬಸ್ಸಿನವನು ಹಾರ್ನ್ ಹೊಡೆಯುತ್ತಿದ್ದ. ಯೋಚಿಸಿ ಹೇಳುತ್ತೇನೆ ಎಂದು ಗೇರ್ ಹಾಕಿದೆ. ಯೋಚಿಸುವುದಕ್ಕೇನಿತ್ತು ಮಣ್ಣು. ಆ ಇಡೀ ಟ್ರಿಪ್ಪು ಒಬ್ಬಳೇ ನಗುತ್ತಾ ಓಡಿಸಿದೆ. ಮುಂದಿನ ಸೀಟಿನ ಅಜ್ಜಿಯೊಬ್ಬರು ಏನಮ್ಮಾ ವಿಶೇಷ ಎಂದು ಕೇಳಿಯೇಬಿಟ್ಟರು.

ಮರುದಿನ ಹೌದು ಎನ್ನಬೇಕೆಂದು ತುಟಿಗೆ ಬಣ್ಣ ಹಚ್ಚಿಕೊಂಡು ಹೋದರೆ, ಚೀಟಿಯ ಜೊತೆ ಈ ಟ್ಯೂಬ್ ಬಂತು. "ಈ ಕಡೆ ಕೆನ್ನೆಗೆ ಹಚ್ಕೊಳ್ಳಿ," ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಮದುವೆಯಾಗುತ್ತೇನೆ, ಮೊದಲು ಇದನ್ನು ರಿಪೇರಿ ಮಾಡಿಸಿಕೋ ಎಂದ ಹಾಗಾಯಿತು. ಬಾಯಿಗೆ ಬಂದಿದ್ದ ಹೌದನ್ನು ನುಂಗಿಕೊಂಡು, ಅವರ ಕಡೆ ತಿರುಗಿಯೂ ನೋಡದೆ ಹೊರಟೆ.

ಸಿಟ್ಟು ಬಂದರೆ ಕೆಲವರು ತವರಿಗೆ ಹೋಗುತ್ತಾರೆ. ನಾನು ಚರ್ಮದ ಡಾಕ್ಟರ ಹತ್ತಿರ ಹೋದೆ.

ಸುಳ್ಳೇಕೆ, ಸಿಟ್ಟು ಬರೀ ನೆಪ. ಆಸೆ ಮೊದಲಿನಿಂದಲೂ ಇತ್ತು. ಡಾಕ್ಟರಮ್ಮ ದೀಪ ಹಿಡಿದು ಎರಡೂ ಕೆನ್ನೆ ನೋಡಿದರು, ನಗಲಿಲ್ಲ. ಕಿಟಕಿ ಪಕ್ಕ ಕೂತು ದುಡಿಯುವವರಲ್ಲಿ ಇದನ್ನು ಕಂಡಿದ್ದೇನೆ, ಗಾಜು ಬಿಸಿಲಿನ ಉರಿಯನ್ನು ತಡೆದರೂ ಸುಕ್ಕು ತರುವ ಕಿರಣವನ್ನು ಪೂರ್ತಿ ತಡೆಯುವುದಿಲ್ಲ, ನೀವಂತೂ ಕಿಟಕಿ ತೆರೆದೇ ಓಡಿಸುತ್ತೀರಿ ಎಂದರು. ಲೇಸರ್‌ನಿಂದ ಗೆರೆಗಳು ತಿಳಿಯಾಗುತ್ತವೆ, ಪೂರ್ತಿ ಅಳಿಸಿಹೋಗುವುದಿಲ್ಲ, ಮೂರು ಸಲ ಬರಬೇಕು, ಪ್ರತಿ ಸಲವೂ ಚರ್ಮ ಮಾಯುವವರೆಗೆ ಬಿಸಿಲಿಗೆ ಮುಖ ಕೊಡಬಾರದು ಎಂದೂ ಹೇಳಿದರು. ಈ ವಯಸ್ಸಲ್ಲಿ ಇದೆಲ್ಲ ಬೇಕಾ ಅಂತ ನೀವು ಕೇಳಲ್ಲವಾ ಎಂದೆ. "ಬೇಕು ಅನ್ಸಿದ್ದಕ್ಕೇ ತಾನೇ ಬಂದಿರೋದು," ಅಂದರು. ಅಷ್ಟಕ್ಕೇ ನನಗೆ ಕಣ್ಣು ತುಂಬಿ ಬಂತು.

ಮರಗಟ್ಟಿಸುವ ಕ್ರೀಮ್ ಹಚ್ಚಿ, ಕಣ್ಣು ಮುಚ್ಚಿಸಿ ಶುರು ಮಾಡಿದರು. ಬಾಣಲೆಯ ಎಣ್ಣೆ ಕೆನ್ನೆಗೆ ಸಿಡಿಸಿಡಿದು ಬಿದ್ದ ಹಾಗಿತ್ತು. ಮನೆಗೆ ಬರುವಷ್ಟರಲ್ಲಿ ಕೆನ್ನೆ ಕೆಂಪಾಗಿ ಊದಿಕೊಂಡಿತು, ಆಮೇಲೆ ಕಂದಾಗಿ ಸಿಪ್ಪೆ ಏಳತೊಡಗಿತು. ಮುಲಾಮು ಹಚ್ಚಲು ಬಂದಿದ್ದ ತಂಗಿ ನನ್ನನ್ನು ಅರ್ಧ ಸುಲಿದ ಆಲೂಗಡ್ಡೆ ಎಂದು ಕರೆದಳು. ನಾನು ಕೆಲಸಕ್ಕೆ ರಜೆ ಹಾಕಿ, ಪರದೆ ಎಳೆದುಕೊಂಡು, ಆ ಟೈಮ್‌ಕೀಪರನ್ನು ಬೈಯುತ್ತಾ ಕೂತೆ. ಬೈದಷ್ಟೂ ನೆನಪಾಗುತ್ತಿದ್ದರು. ಹೌದು ಅಂದುಬಿಡಬೇಕಿತ್ತು ಅನ್ನಿಸುತ್ತಿತ್ತು. ಈ ಮುಖ ನೋಡಿದರೆ ಅವರೇ ಬೇಡ ಅನ್ನುತ್ತಾರೆ ಎಂದು ಭಯವೂ ಆಗುತ್ತಿತ್ತು.

ಒಂದು ಸಂಜೆ ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ ಬಂದರು. ತಂಗಿ ನನ್ನನ್ನು ಒಂದು ಮಾತೂ ಕೇಳದೆ ಅವರನ್ನು ಒಳಗೆ ಕರೆದು, ತಾನು ಅಡುಗೆಮನೆ ಸೇರಿಕೊಂಡಳು. ನಾನು ತಕ್ಷಣ ಗೋಡೆಗೆ ತಿರುಗಿ ಎಡಗೆನ್ನೆ ಒಡ್ಡಿ ಕೂತೆ. ಹುಷಾರಿಲ್ಲ ಅಂತ ಡಿಪೋದಲ್ಲಿ ಹೇಳಿದರು ಎನ್ನುತ್ತಾ ಬಂದವರು ಅರ್ಧಕ್ಕೇ ನಿಲ್ಲಿಸಿದರು. ಮನೆ ತಪ್ಪಿ ಬಂದವರ ಹಾಗೆ ನನ್ನನ್ನು ನೋಡತೊಡಗಿದರು.

ಏನಾಯಿತು ಎಂದು ಕೇಳಿದೆ.

"ಏನಿಲ್ಲ," ಅಂದರು ನಾಚಿಕೊಂಡು. "ಈ ಕಡೆಯವರ ಪರಿಚಯ ನಂಗೆ ಅಷ್ಟಿಲ್ಲ."

ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಇಷ್ಟು ವರ್ಷ ಅವರು ಗಡಿಯಾರದ ನೆಪದಲ್ಲಿ ನೋಡಿದ್ದು, ಮದುವೆಗೆ ಕೇಳಿದ್ದು, ಎಲ್ಲ ಆ ಇನ್ನೊಂದು ಕಡೆಯವಳನ್ನೇ. ನಾನು ಯಾರಿಗೂ ತೋರಿಸದೆ ಬಚ್ಚಿಟ್ಟಿದ್ದವಳನ್ನು.

ಆದದ್ದಾಗಲಿ ಎಂದು ತಿರುಗಿದೆ. ಅವರು ಹತ್ತಿರ ಬಂದು, ಬಗ್ಗಿ, ಸಿಪ್ಪೆ ಎದ್ದ ಕೆನ್ನೆಯನ್ನು ನಿಧಾನವಾಗಿ ನೋಡಿದರು.

"ತುಂಬಾ ನೋಯುತ್ತಾ?"

ನೋವು ಹಾಗಿರಲಿ, ಆ ಟ್ಯೂಬ್ ಯಾಕೆ ಕೊಟ್ಟಿರಿ ಅದನ್ನು ಹೇಳಿ ಎಂದೆ. ಮಧ್ಯಾಹ್ನದ ಟ್ರಿಪ್ ಮುಗಿಸಿ ಬಂದಾಗಲೆಲ್ಲ ನಾನು ಆ ಕೆನ್ನೆಯ ಮೇಲೆ ಅಂಗೈ ಒತ್ತಿಕೊಳ್ಳುತ್ತೇನಂತೆ. ನನಗೇ ಗೊತ್ತಿರಲಿಲ್ಲ.

"ಅದನ್ನ ತಂದಿಟ್ಟು ಬಹಳ ದಿನ ಆಗಿತ್ತು," ಅಂದರು. "ಯಾವ ಸಲುಗೆ ಮೇಲೆ ಕೊಡ್ಲಿ? ಮದುವೆ ವಿಷಯ ಕೇಳಿದ ಮೇಲೆ ಇನ್ನು ಕೊಡಬಹುದು ಅನ್ಸ್ತು."

ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಆದರೂ ಬಿಗುಮಾನ ಬಿಡಲಿಲ್ಲ. "ಇನ್ನೂ ಎರಡು ಸಲ ಮಾಡಿಸ್ಕೋಬೇಕು. ಮಾಡಿಸ್ಕೊಳ್ಳೋಳೇ. ನಿಮಗೋಸ್ಕರ ಅಲ್ಲ, ನಂಗೋಸ್ಕರ."

"ಮಾಡಿಸ್ಕೊಳ್ಳಿ. ನಾನು ಹೊರಗೆ ಕೂತಿರ್ತೀನಿ. ಕಾಯೋದು ನಂಗೆ ಹೊಸದಲ್ಲ."

ನಗು ಬಂತು. ನಕ್ಕರೆ ಹೊಸ ಚರ್ಮ ಎಳೆದು ಜೀವ ಹೋಗುವಷ್ಟು ಉರಿಯಿತು, ಕಣ್ಣಲ್ಲಿ ನೀರೂ ಬಂತು.

"ಆಗೋಣ," ಎಂದೆ.

ಏನು ಎಂದು ಅವರು ಕೇಳಲಿಲ್ಲ. ಸೋಫಾದಲ್ಲಿ ನನ್ನ ಬಲಗಡೆ ಬಂದು ಕೂತರು. ಕೆನ್ನೆ ಮುಟ್ಟಬಾರದು ಎಂದು ಡಾಕ್ಟರಮ್ಮ ಹೇಳಿದ್ದರಿಂದ ಕೈಯನ್ನಷ್ಟೇ ಹಿಡಿದುಕೊಂಡರು.