ಸುರಗಿ ಇನ್ನೆಷ್ಟು ವರ್ಷ ಹಾರಬೇಕು?

ಬಹಳ ಹಿಂದೆ ಗೆಜ್ಜೆಗಿರಿ ಅಂತ ಒಂದು ರಾಜ್ಯವಿತ್ತು. ಅಲ್ಲಿಯ ಕುದುರೆಗಳಿಗೆ ಮಾತು ಬರುತ್ತಿತ್ತು. ಕೇಳುವವರು ಇರಲಿಲ್ಲ, ಅಷ್ಟೇ.

ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಅರಮನೆಯ ಮುಂದೆ ಕುದುರೆಗಳ ಪ್ರದರ್ಶನ ನಡೆಯುತ್ತಿತ್ತು. ಕಣದ ನಡುವೆ ಬೆಂಕಿ ಉಗುಳುವ ಹುಲಿಯೊಂದು ಮಲಗಿರುತ್ತಿತ್ತು. ಅದರ ಮೇಲಿಂದ ಹಾರಿದ ಕುದುರೆಗೆ ಹೂವಿನ ಹಾರ. ಬಿದ್ದ ಕುದುರೆಯನ್ನು ಅಲ್ಲೇ ಈಟಿಯಿಂದ ತಿವಿದು ಮುಗಿಸುತ್ತಿದ್ದರು. ಅದಕ್ಕೆ ಕಾನೂನು ಅಂತ ಹೆಸರಿಟ್ಟಿದ್ದರು.

ಸುರಗಿ ಎಂಬ ಬಿಳಿ ಹೆಣ್ಣುಕುದುರೆ ಹನ್ನೆರಡು ವರ್ಷ ಹೀಗೆ ಹಾರಿದ್ದಳು. ಅವಳನ್ನು ಸಾಕಿದವಳು ಲಾಯದ ದೇವೀರಿ. ದಿನಾ ಬೆಳಿಗ್ಗೆ ಸುರಗಿಯ ನಾಲ್ಕೂ ಕಾಲು ಸವರಿ ನೋಡಿದ ಮೇಲೆಯೇ ದೇವೀರಿ ಗಂಜಿ ಕುಡಿಯುವುದು. ಈ ವರ್ಷ ಸುರಗಿಯ ಎಡ ಮುಂಗಾಲು ಒಲೆಯ ಕಲ್ಲಿನಂತೆ ಸುಡುತ್ತಿತ್ತು. ಆದರೆ ಅವಳು ಕುಂಟುತ್ತಿರಲಿಲ್ಲ. ಆ ಕಾಲಿಗೆ ಆಸ್ಥಾನದ ಮಾಂತ್ರಿಕ ಭೃಂಗಕೇತು ಮೊದಲ ವರ್ಷವೇ ಒಂದು ನೀಲಿ ದಾರ ಕಟ್ಟಿದ್ದ. ಸುರಗಿ ಹಾರಿದಾಗಲೆಲ್ಲ ಅವನ ಮುಖದ ಸುಕ್ಕುಗಳು ಮಾಯವಾಗುತ್ತಿದ್ದವು. ಎಪ್ಪತ್ತರ ಮುದುಕ ಈಗ ಮದುಮಗನ ಹಾಗಿದ್ದ. ಅದು ಹೇಗೆ ಅಂತ ಅರಮನೆಯಲ್ಲಿ ಒಬ್ಬರೂ ಕೇಳಲಿಲ್ಲ.

ದೇವೀರಿ ರಾಜ ಮಲ್ಲಭೂಪನ ಮುಂದೆ ಹೋಗಿ ನಿಂತಳು.

"ಬುದ್ಧಿ, ಸುರಗಿ ಇನ್ನು ಹಾರುವುದು ಬೇಡ."

"ಕುಂಟುತ್ತಿದೆಯಾ?"

"ಇಲ್ಲ."

"ಮೇವು ಬಿಟ್ಟಿದೆಯಾ?"

"ಇಲ್ಲ ಬುದ್ಧಿ. ಕಾಲು ಸುಡುತ್ತಿದೆ. ಈ ಸಲ ಬೀಳುತ್ತಾಳೆ."

ಭೃಂಗಕೇತು ನಕ್ಕ. "ದಿನವಿಡೀ ಲದ್ದಿ ಬಾಚುವ ಕೈ, ಬಿಸಿಯಾಗದೆ ಇರುತ್ತದೆಯೇ? ಈ ಕುದುರೆ ಇನ್ನೂ ನೂರು ವರ್ಷ ಹಾರುತ್ತದೆ, ಪ್ರಭು."

"ಮೂರು ದಿನದಲ್ಲಿ ಮೂರು ಸಾಕ್ಷಿ ತೋರಿಸು, ದೇವೀರಿ," ಎಂದ ರಾಜ. "ಇಲ್ಲದಿದ್ದರೆ ನಾಲ್ಕನೆಯ ದಿನ ಸುರಗಿ ಹಾರಲೇಬೇಕು."

ಮೊದಲನೆಯ ದಿನ ಅವಳು ರಾಜನನ್ನೂ ಮಾಂತ್ರಿಕನನ್ನೂ ಕೋಟೆ ಬಾಗಿಲಿನ ಕಲ್ಲಾನೆಯ ಬಳಿಗೆ ಕರೆದೊಯ್ದಳು. ಕಲ್ಲಾನೆ ಹೇಳಿತು: "ಮೊದಲು ಸುರಗಿಯ ನಾಲ್ಕು ಹೆಜ್ಜೆಯೂ ಒಂದೇ ಸಮ ಕೇಳುತ್ತಿತ್ತು. ಈಗ ಒಂದು ಹೆಜ್ಜೆ ಹಗುರ."

"ಕಲ್ಲಿನ ಕಿವಿ," ಎಂದ ಭೃಂಗಕೇತು. ರಾಜ ತಲೆದೂಗಿದ.

ಎರಡನೆಯ ದಿನ ಬೆಂಕಿಹುಲಿಯ ಸರದಿ. ಹುಲಿ ಮೀಸೆ ನೆಕ್ಕಿಕೊಂಡು ಮೆಲ್ಲಗೆ ಹೇಳಿತು: "ಎರಡು ವರ್ಷದಿಂದ ನಾನೇ ತಲೆ ತಗ್ಗಿಸುತ್ತಿದ್ದೇನೆ, ತಂಗೀ. ಇಲ್ಲದಿದ್ದರೆ ಅವಳ ಹೊಟ್ಟೆ ಸುಟ್ಟುಹೋಗುತ್ತಿತ್ತು. ಊರಿಗೆಲ್ಲ ಹೇಳಬೇಡ."

"ಊರಿಗೆ ಹೇಳಿಸುವುದಕ್ಕೇ ಬಂದಿದ್ದು."

"ಸರಿ, ನನ್ನ ಮರ್ಯಾದೆ ಹೋದರೆ ಹೋಗಲಿ."

"ಹುಲಿಗೆ ವಯಸ್ಸಾಯಿತು," ಎಂದ ಭೃಂಗಕೇತು. ರಾಜ ಮತ್ತೆ ತಲೆದೂಗಿದ. ರಾಜರ ತಲೆ ಹತ್ತಿರದವರ ಮಾತಿಗೆ ಬೇಗ ತೂಗುತ್ತದೆ.

ಮೂರನೆಯ ದಿನ ಊರೆಲ್ಲ ಕಣದಲ್ಲಿ ನೆರೆದಿತ್ತು. ಉಳಿದಿದ್ದ ಸಾಕ್ಷಿ ಸುರಗಿ ಒಬ್ಬಳೇ.

"ಹೇಳು ಸುರಗಿ, ಹಾರುತ್ತೀಯಾ?" ಎಂದು ರಾಜ ಕೇಳಿದ.

"ಹಾರುತ್ತೇನೆ ಪ್ರಭು. ನನಗೆ ಒಂದಿಷ್ಟೂ ನೋವಿಲ್ಲ. ನಮ್ಮ ದೇವೀರಕ್ಕನಿಗೆ ನಾನಿನ್ನೂ ಹಾಲು ಕುಡಿಯುವ ಮರಿ."

ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ತಟ್ಟುವುದಕ್ಕೆ ಕಾಲು ಬೇಕಿಲ್ಲವಲ್ಲ. ಸುರಗಿ ಸುಳ್ಳು ಹೇಳುವವಳಲ್ಲ. ಹಾಗಾದರೆ ಸುಡುವ ಕಾಲಿನ ನೋವು ಎಲ್ಲಿ ಹೋಯಿತು? ದೇವೀರಿ ದಿನಾ ಬೆಳಿಗ್ಗೆ ಕೂರುವಂತೆ ಕುಕ್ಕರಗಾಲಲ್ಲಿ ಕೂತಳು. ಎಡ ಮುಂಗಾಲನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದಳು.

"ಸುರಗೀ, ನನ್ನ ಕೈ ಎಲ್ಲಿದೆ ಹೇಳು."

"ನೀನಿನ್ನೂ ಮುಟ್ಟೇ ಇಲ್ಲವಲ್ಲ ಅಕ್ಕಾ."

ಚಪ್ಪಾಳೆ ನಿಂತಿತು. ರಾಜ ಸಿಂಹಾಸನದಿಂದ ಇಳಿದು ಬಂದು ತಾನೇ ಆ ಕಾಲು ಹಿಡಿದ. "ಈಗ?"

"ಈಗೇನು ಪ್ರಭು?"

ರಾಜ ಅಂಗೈ ಸುಟ್ಟುಕೊಂಡು ಕೈ ಕೊಡವಿದ. ದೇವೀರಿ ಇನ್ನು ಯಾರ ಅಪ್ಪಣೆಗೂ ಕಾಯಲಿಲ್ಲ. ಬಗ್ಗಿ ನೀಲಿ ದಾರವನ್ನು ಹಲ್ಲಿನಿಂದ ಕಡಿದು ಎಳೆದಳು. ಸುರಗಿ ನರಳಿ ಕಾಲೆತ್ತಿಕೊಂಡಳು. ಭೃಂಗಕೇತುವಿನ ಮುಖಕ್ಕೆ ಸುಕ್ಕುಗಳೆಲ್ಲ ಓಡಿ ಬಂದವು. ಹನ್ನೆರಡು ವರ್ಷ ಕದ್ದಿಟ್ಟ ನೋವು ಅವನ ಕಾಲಿಗೇ ಇಳಿಯಿತು. ಅವನು ಕಣದಲ್ಲಿ ಮಗುಚಿ ಬಿದ್ದ.

ಕಾವಲುಗಾರ ಈಟಿ ಎತ್ತಿದ. "ಬಿದ್ದವರಿಗೆ ಕಾನೂನು ಇದೆಯಲ್ಲ, ಬುದ್ಧಿ?"

"ಬಿದ್ದವರನ್ನು ತಿವಿಯುವ ಕಾನೂನೇ ಬೇಡ," ಎಂದಳು ದೇವೀರಿ. ರಾಜ ಈಟಿ ಕಿತ್ತು ಮುರಿದು ಎಸೆದ. ಮಾಂತ್ರಿಕ ಕುಂಟುತ್ತ ಗಡಿ ದಾಟಿದ.

"ಕುದುರೆ ಎಷ್ಟು ವರ್ಷ ಹಾರಬಹುದು ಅಂತ ಹೇಳು, ಕಲ್ಲಿನಲ್ಲಿ ಕೆತ್ತಿಸುತ್ತೇನೆ," ಎಂದ ರಾಜ.

"ವರ್ಷದ ಮಾತಲ್ಲ ಬುದ್ಧಿ. ದಿನಾ ಮುಟ್ಟಿ ನೋಡಬೇಕು. ಮುಟ್ಟಿ ನೋಡುವವರು ಸಾಕು ಅಂದ ದಿನ ಸಾಕು."

ರಾಜ ಅದನ್ನೇ ಕೆತ್ತಿಸಿದ.

ಮಣ್ಣಿನ ಪಟ್ಟು ಹಾಕಿ ಹಾಕಿ ಮೂರು ತಿಂಗಳಲ್ಲಿ ಸುರಗಿಯ ಕಾಲು ತಣ್ಣಗಾಯಿತು. ಅವಳು ಹೊಳೆಯ ದಡದಲ್ಲಿ ಮೇಯತೊಡಗಿದಳು. ಪ್ರದರ್ಶನದ ದಿನ ಮಾತ್ರ ಬೇಲಿಯ ಬಳಿ ಬಂದು ನಿಲ್ಲುವಳು.

"ಆ ಕೆಂದು ಕುದುರೆ ನೋಡಕ್ಕಾ, ಬಾಲ ಎತ್ತುವ ಚಂದದಲ್ಲಿ ಕಾಲು ಎತ್ತುವುದೇ ಮರೆತಿದ್ದಾನೆ."

"ನಿನಗ್ಯಾಕೆ? ಸುಮ್ಮನೆ ಮೇಯಿ."

"ಮೇಯುತ್ತಲೇ ಹೇಳುತ್ತಿದ್ದೇನೆ," ಅನ್ನುವಳು ಸುರಗಿ, ಬಾಯ್ತುಂಬ ಹುಲ್ಲು ಇಟ್ಟುಕೊಂಡು.

ಗೆಜ್ಜೆಗಿರಿಯಲ್ಲಿ ಎಲ್ಲರೂ ನೆಮ್ಮದಿಯಾಗಿ ಬಾಳಿದರು. ಕುದುರೆಗಳು ಒಂದು ಪಾಲು ಹೆಚ್ಚಾಗಿಯೇ ಬಾಳಿದವು.