ಮಾತಿನ ಹಿಂದೆ ನಡೆದವನು

"ಆದದ್ದನ್ನ ಮಾತ್ರ ಹೇಳಿ. ಆಗೋದನ್ನ ಹೇಳ್ಬೇಡಿ," ಎಂದ ಹತಾನೊ, ಮೈಕಿನ ಮೇಲೆ ಅಂಗೈ ಮುಚ್ಚಿಕೊಂಡು. "ಬೇರೆ ಊರಲ್ಲಿ ಬಾಯಿಗೆ ಬಂದದ್ದು ಮಾತಾಡ್ಕೊಳ್ಳಿ. ಇಕಾಹಾಮಾದಲ್ಲಿ, ಈ ಮೇಜಿನ ಹಿಂದೆ ಕೂತಾಗ ಬೇಡ."

ಒನೊಡೆರಾ ಶಿಗೆಮಿ ಗಹಗಹಿಸಿ ನಕ್ಕ. ವೀಕ್ಷಕ ವಿವರಣೆಯ ಕುರ್ಚಿಯಲ್ಲಿ ಅವನಿಗೆ ಅದು ಮೊದಲ ದಿನ. ಅದಕ್ಕೂ ಮುಂಚೆ ಇಪ್ಪತ್ತು ವರ್ಷ ಅವನು ಎದುರಿನ ಕುಸ್ತಿ ಕಣದ ಹಗ್ಗಗಳ ಒಳಗೇ ಬಾಳಿದ್ದ, ಬಿದ್ದಿದ್ದ, ಬೀಳಿಸಿದ್ದ. ಕುತ್ತಿಗೆಯ ಮೂಳೆಗೆ ಲೋಹದ ಪಟ್ಟಿ ಕೂರಿಸಿದ ವೈದ್ಯರು ಇನ್ನೊಂದು ಪೆಟ್ಟು ಬಿದ್ದರೆ ಕೈಕಾಲು ಆಡುವುದಿಲ್ಲ ಎಂದ ಮೇಲೆ ಕುಸ್ತಿ ಬಿಟ್ಟಿದ್ದ. ಬಲದಲ್ಲಿ ಅವನನ್ನು ಮೀರಿಸಿದವರು ಬೇಕಾದಷ್ಟಿದ್ದರು. ಆದರೆ ಎದುರಾಳಿಯ ಭುಜ ಅಲುಗಿದೊಡನೆ ಮುಂದಿನ ಮೂರು ಪಟ್ಟುಗಳನ್ನು ಓದಿಬಿಡುವ ಕಣ್ಣು ಅವನೊಬ್ಬನಿಗೇ ಇತ್ತು. ಪಂದ್ಯ ನಡೆಸುವ ಕಂಪನಿಯವರು ಅವನನ್ನು ಈ ಕುರ್ಚಿಗೆ ಕರೆದದ್ದೂ ಆ ಕಣ್ಣಿಗಾಗಿಯೇ.

"ನೀವು ಯಾವಾಗ್ಲೂ ಅರ್ಧ ಉಸಿರು ಹಿಂದೆ ಇರ್ತೀರಲ್ಲ, ಹತಾನೊ ಅವ್ರೇ. ಪೈಲ್ವಾನ ಬಿದ್ದು ಎದ್ದು ಮನೆಗೆ ಹೋದ್ಮೇಲೆ 'ಬಿದ್ದ' ಅಂತೀರಿ ಅಂತ ಊರೆಲ್ಲ ನಗುತ್ತೆ. ಇದೇನಾ ಕಾರಣ?"

"ಇದೇ ಕಾರಣ." ಹತಾನೊನ ನರೆತ ಹುಬ್ಬು ಅಲುಗಲಿಲ್ಲ. "ಹಿಂದೆ ಇಲ್ಲೇ ಸೆಗಾವಾ ಅಂತ ಒಬ್ಬ ಬಿದ್ದ. ಅವನ ಹೆಂಡ್ತಿ ಮನೇಲಿ ರೇಡಿಯೊ ಮುಂದೆ ಕೂತಿದ್ಲು. 'ಸೆಗಾವಾ ಈಗ ಏಳ್ತಾನೆ, ಈಗ ಏಳ್ತಾನೆ' ಅಂತ ನಾನು ಕೂಗ್ತಾನೇ ಇದ್ದೆ. ಅವನ ಪ್ರಾಣ ಆಗ್ಲೇ ಹೋಗಿತ್ತು."

"ಆಮೇಲೆ?"

"ಆಕೆ ಈ ಸಭಾಂಗಣದ ಹಿಂದಿರೋ ಗುಡಿಗೆ ಬಂದು, ಹುಲ್ಲಿನ ಗೊಂಬೆ ಮಾಡಿ, ಅದರ ಬಾಯಿಗೆ ಮೊಳೆ ಇಟ್ಟು ದೇವರ ಮರಕ್ಕೆ ಹೊಡೆದ್ಲು. ಈ ಕುರ್ಚಿಯಿಂದ ಇನ್ಮೇಲೆ ಒಂದು ಮಾತೂ ಸುಳ್ಳಾಗದಿರಲಿ ಅಂತ."

"ಅದು ಶಾಪಾನಾ? ವರ ಅಲ್ವೇನ್ರೀ!"

"ನಾನೂ ಹಾಗೇ ಅಂದ್ಕೊಂಡಿದ್ದೆ," ಎಂದ ಹತಾನೊ. "ಒಂದ್ಸಲ ನಾಲಿಗೆಗೆ ಹತ್ತಿದ್ರೆ ಅದು ಕುರ್ಚಿ ಬಿಟ್ಟೆದ್ರೂ ಹಿಂದೆ ಬರುತ್ತೆ." ಹೆಡ್‌ಫೋನನ್ನು ಕಿವಿಗೇರಿಸಿಕೊಂಡ.

ಹೊರಗೆ ಹಿಮ ಬೀಳುತ್ತಿತ್ತು. ಹಗಲಿನ ಆಟವೇ ಆದರೂ ಬೆಳಕು ಆಗಲೇ ಬೂದಿ ಬಣ್ಣಕ್ಕೆ ತಿರುಗಿತ್ತು. ಒಣಹಾಕಿದ ಮೀನಿನ ವಾಸನೆ, ಒಲೆಗಳ ಸೀಮೆಎಣ್ಣೆ ವಾಸನೆ, ಪೈಲ್ವಾನರು ಮೈಗೆ ತಿಕ್ಕಿಕೊಂಡ ನೋವಿನೆಣ್ಣೆಯ ಖಾರದ ವಾಸನೆ ಎಲ್ಲ ಬೆರೆತು ಗಾಳಿ ಮಂದವಾಗಿತ್ತು. ಮುಂದಿನ ಸಾಲಿನಲ್ಲಿ ನೀಲಿ ತಲೆವಸ್ತ್ರದ ಹೆಂಗಸೊಬ್ಬಳು ಮಡಿಲಲ್ಲಿ ಊಟದ ಡಬ್ಬಿ ಇಟ್ಟುಕೊಂಡು ಕೂತಿದ್ದಳು. ಕೊನೆಯ ಪಂದ್ಯದಲ್ಲಿ ಇಳಿಯಬೇಕಿದ್ದ ಅಮಾಗೈಯ ತಾಯಿ, ಫುಮಿಯೆ. ಇಕಾಹಾಮಾದ ಬಂದರಿನಲ್ಲಿ ಮೀನು ಸೀಳಿ ಮಗನನ್ನು ಬೆಳೆಸಿದವಳು. ಆ ಮಗನಿಗೆ ಪಟ್ಟು ಕಲಿಸಿದವನು ಒನೊಡೆರಾ.

ಮೊದಲ ಪಂದ್ಯ. ಒನೊಡೆರಾನಿಗೆ ಹತಾನೊನನ್ನು ಕೆಣಕುವ ಚಪಲ. "ನೋಡ್ತಿರಿ, ಕೆಂಪು ಚಡ್ಡಿಯವನ ಎಡಮಂಡಿ ಈಗ ಕೈಕೊಡುತ್ತೆ," ಎಂದ. ಕೈಕೊಟ್ಟಿತು. ಜನ ಹೋ ಎಂದರು. ಹತಾನೊ ಬೆಳ್ಳಗಾದ.

ಎರಡನೆಯದರಲ್ಲಿ, ಬರಿಯ ತಮಾಷೆಗೆ: "ಇಷ್ಟು ದಪ್ಪಗಿದ್ದಾನಲ್ಲ ಇವ್ನು, ಹಗ್ಗಾನೇ ಕಿತ್ಕೊಂಡು ಬರುತ್ತೆ."

ಮೇಲಿನ ಹಗ್ಗ ಗುಂಡು ಹೊಡೆದಂತೆ ಸದ್ದು ಮಾಡಿ ಕಿತ್ತು ಬಂತು.

ಆ ಹಗ್ಗವನ್ನು ಬೆಳಿಗ್ಗೆ ಒನೊಡೆರಾನೇ ಎಳೆದು ನೋಡಿದ್ದ. ಅವನ ನಾಲಿಗೆಯ ಮೇಲೆ ತುಕ್ಕು ಹಿಡಿದ ಕಬ್ಬಿಣದ ರುಚಿ ಹರಡಿತು. ಉಗುಳು ನುಂಗಿದರೂ ಹೋಗಲಿಲ್ಲ. ಹೆಡ್‌ಫೋನಿನಲ್ಲಿ ಯಾರದೋ ಉಸಿರು ಕೇಳಿಸಿತು. ಹತಾನೊನದಲ್ಲ. ಹೆಣ್ಣಿನ ಉಸಿರು. ರೇಡಿಯೊದ ತೀರ ಹತ್ತಿರ ಕಿವಿಯಿಟ್ಟು ಕೂತವಳ ಉಸಿರು.

"ಮುಂದೇನಾಗುತ್ತೆ?" ಎಂದು ಕೇಳಿತು ಅದು, ಮೆಲ್ಲಗೆ.

ಹಗ್ಗ ಬಿಗಿದು ಕೊನೆಯ ಪಂದ್ಯ ಶುರುವಾಯಿತು. ಒನೊಡೆರಾ ತುಟಿ ಬಿಗಿಹಿಡಿದು ಕೂತ. ಹತಾನೊ ಒಬ್ಬನೇ ತನ್ನ ಸಪ್ಪೆ ದನಿಯಲ್ಲಿ ಆದದ್ದನ್ನಷ್ಟೇ ಹೇಳುತ್ತ ಹೋದ. ಅಮಾಗೈ ಚೆನ್ನಾಗಿ ಆಡುತ್ತಿದ್ದ. ಅವನ ಎದುರಾಳಿ ಕುಮೆ, ಎತ್ತಿನ ಹೆಗಲಿನ ದೈತ್ಯ. ಅಮಾಗೈ ಎರಡು ಸಲ ಅವನನ್ನು ನೆಲಕ್ಕೆ ಕೆಡವಿ, ತಾಯಿಯ ಕಡೆ ತಿರುಗಿ ಹಲ್ಲು ಬಿಟ್ಟ. ಒನೊಡೆರಾನ ಕಣ್ಣು ಮಾತ್ರ ಸುಮ್ಮನಿರಲೊಲ್ಲದು. ಮುಂದಿನ ಪಟ್ಟು ಕಾಣುತ್ತಿತ್ತು. ಅದರ ಮುಂದಿನದೂ ಕಾಣುತ್ತಿತ್ತು. ಹೇಳು, ಹೇಳು ಎಂದು ನಾಲಿಗೆ ಹಲ್ಲಿಗೆ ತಿವಿಯುತ್ತಿತ್ತು.

ಕುಮೆ ಮೂಲೆಯ ಕಂಬವೇರಿ ಅಮಾಗೈಯನ್ನು ಹೆಗಲಿಗೆತ್ತಿಕೊಂಡ. ಬೆವರಿಗೆ ಕುಮೆಯ ಎಡಗೈ ಹಿಡಿತ ಜಾರಿದ್ದು ಒನೊಡೆರಾನಿಗೆ ಕಂಡಿತು. ಬೇರೆ ಯಾರಿಗೂ ಕಾಣಲಿಲ್ಲ.

"ಕುತ್ತಿಗೆ! ಕುತ್ತಿಗೆ ಮೇಲೆ ಬೀಳ್ತಾನೆ!"

ಕೂಗಿದ್ದು ಎಚ್ಚರಿಸಲೆಂದು. ಬಾಯಿಂದ ಹೊರಬಿದ್ದ ಮೇಲೆ ಅದು ಎಚ್ಚರಿಕೆಯಾಗಿ ಉಳಿಯಲಿಲ್ಲ.

ಒಣಗಿದ ಕಡ್ಡಿ ಮುರಿದಷ್ಟೇ ಸದ್ದು. ಅಮಾಗೈ ಅಲುಗಲಿಲ್ಲ. ವೈದ್ಯ ಹಗ್ಗದಡಿ ನುಸುಳಿ ಬಂದ, ಕೊರಳ ಬದಿಗೆ ಬೆರಳಿಟ್ಟ, ತೆಗೆದ, ಮತ್ತೆ ಇಟ್ಟ. ರೆಫರಿಯತ್ತ ನೋಡಿ ಇಲ್ಲವೆಂದು ತಲೆಯಾಡಿಸಿದ. ಮುಂದಿನ ಸಾಲಿನಲ್ಲಿ ಊಟದ ಡಬ್ಬಿ ಜಾರಿ ಬಿದ್ದು, ಅನ್ನ ನೆಲದ ಮೇಲೆಲ್ಲ ಚೆಲ್ಲಿತು.

"ಮುಂದೇನಾಗುತ್ತೆ?" ಎಂದಿತು ಕಿವಿಯೊಳಗಿನ ಉಸಿರು.

"ಬೇಡ," ಎಂದ ಹತಾನೊ ಅವನ ರಟ್ಟೆ ಹಿಡಿದು. "ನಿಮ್ಮ ಕಾಲಿಗೆ ಬೀಳ್ತೀನಿ. ಅದನ್ನ ಮಾತ್ರ ಹೇಳ್ಬೇಡಿ."

ಒನೊಡೆರಾ ಕೈ ಕೊಡವಿಕೊಂಡ. "ಅಮಾಗೈ ಏಳ್ತಾನೆ," ಎಂದ.

ಗೂಟಕ್ಕೆ ತೂಗುಹಾಕಿದ ಅಂಗಿಯನ್ನು ಯಾರೋ ಭುಜ ಹಿಡಿದು ಎತ್ತಿದ ಹಾಗೆ ಅಮಾಗೈ ಎದ್ದ.

ಸಭಾಂಗಣ ಕಿತ್ತುಹೋಗುವಂತೆ ಜನ ಕಿರುಚಿದರು. ಕುಮೆ ಮಾತ್ರ ಹಿಂದೆ ಹಿಂದೆ ಸರಿದು ಹಗ್ಗಕ್ಕೆ ಬೆನ್ನು ಒತ್ತಿ ನಿಂತ. ಅಮಾಗೈಯ ತಲೆ ಹೆಗಲ ಮೇಲೆ ಓರೆಯಾಗಿ ಕೂತಿತ್ತು. ಒನೊಡೆರಾ ಉಸಿರೆಳೆದುಕೊಳ್ಳಲು ಮಾತು ನಿಲ್ಲಿಸಿದ. ಒಂದೇ ಕ್ಷಣ. ಅಮಾಗೈಯ ಮಂಡಿಗಳು ಸಡಿಲಾದವು.

"ನಿಲ್ತಾನೆ! ನಿಂತೇ ಇರ್ತಾನೆ!" ನಿಂತ. "ಕಣ್ಣು ಬಿಡ್ತಾನೆ." ಬಿಟ್ಟ. "ತಲೆ ನೆಟ್ಟಗಾಗುತ್ತೆ." ಆಯಿತು, ಒಳಗೇನೋ ಕರಕರ ಎನ್ನುತ್ತ.

ಆಗ ಅವನಿಗೆ ತಿಳಿಯಿತು. ಮಾತಿದ್ದಷ್ಟು ಹೊತ್ತು ಮಾತ್ರ.

ಗಂಟೆ ಬಾರಿಸಿ ಪಂದ್ಯ ನಿಲ್ಲಿಸಿದರು. ಒನೊಡೆರಾ ಹೆಡ್‌ಫೋನ್ ಕಿತ್ತೆಸೆದು ಎದ್ದ. ಮಾತು ನಿಲ್ಲಿಸಲಿಲ್ಲ. ಮೆಟ್ಟಿಲು ಇಳೀತಾನೆ. ಬಲಗಾಲು ಇಡ್ತಾನೆ. ಎಡಗಾಲು ಇಡ್ತಾನೆ. ಸಾಲು ಸಾಲು ಜನ ಚಪ್ಪಾಳೆ ತಟ್ಟುತ್ತ ಅಮಾಗೈಯ ಬೆನ್ನು ಮುಟ್ಟಿದರು. ಮುಟ್ಟಿದವರು ಕೈ ಹಿಂದಕ್ಕೆಳೆದುಕೊಂಡರು. ಓಣಿಯ ದೀಪಗಳು ಒಂದೊಂದಾಗಿ ಮಂಕಾದವು. ನಡೀತಾನೆ. ನಡೀತಾನೆ. ಒನೊಡೆರಾನ ಗಂಟಲು ಹರಿದು ಉಪ್ಪುಪ್ಪಾದ ನೆತ್ತರು ನಾಲಿಗೆಗೆ ಬಂತು. ನುಂಗಲೂ ಬಿಡುವಿಲ್ಲ. ಉಸಿರಾಡ್ತಾನೆ. ಉಸಿರಾಡ್ತಾನೆ.

ಫುಮಿಯೆ ಇಬ್ಬರ ಹಿಂದೆಯೇ ಓಡಿಬಂದು ಬಟ್ಟೆ ಬದಲಿಸುವ ಕೋಣೆ ಹೊಕ್ಕಳು. ಮಗನನ್ನು ಬೆಂಚಿನ ಮೇಲೆ ಕೂರಿಸಿ, ಟವೆಲ್ಲಿನಿಂದ ಮುಖ ಒರೆಸಿದಳು. "ಎಷ್ಟು ಹೆದರಿಸ್ಬಿಟ್ಯೋ ನೀನು. ಕತ್ತೆ ನನ್ಮಗನೇ. ಕೈ ನೋಡು, ಮಂಜುಗಡ್ಡೆ ಆಗಿದೆ," ಎನ್ನುತ್ತ ಆ ಕೈಯನ್ನು ತನ್ನ ಅಂಗೈಗಳ ನಡುವೆ ಉಜ್ಜಿದಳು. ಉಜ್ಜುತ್ತ ಉಜ್ಜುತ್ತ ಅವಳ ಕೈ ನಿಧಾನವಾಯಿತು. ಮಗನ ಎದೆಗೆ ಕಿವಿಯಿಟ್ಟಳು.

"ಗುರುಗಳೇ," ಎಂದಳು ತಲೆಯೆತ್ತದೆ. "ಇವನು ಇರೋದು ನಿಮ್ಮ ಮಾತಿನಿಂದಾನಾ?"

ಉತ್ತರ ಕೊಟ್ಟರೆ ಅಷ್ಟು ಹೊತ್ತು ಮಗ ಸಾಯುತ್ತಾನೆ. ಒನೊಡೆರಾ ಕಣ್ಣೀರು ಸುರಿಸುತ್ತ ಹೌದೆಂದು ತಲೆಯಾಡಿಸಿದ. "ಉಸಿರಾಡ್ತಾನೆ. ಕೂತಿರ್ತಾನೆ. ಉಸಿರಾಡ್ತಾನೆ."

ಫುಮಿಯೆ ಮಗನ ಒದ್ದೆ ಕೂದಲನ್ನು ಬೆರಳಲ್ಲೇ ಬಾಚಿದಳು. "ಬೆಳಿಗ್ಗೆ ಇವನು ಹೊರಡೋವಾಗ ನಾನು ಮೀನು ಸೀಳೋ ಶೆಡ್‌ನಲ್ಲಿದ್ದೆ. ನನ್ನ ಕರೀದೇನೇ ಬಂದ್ಬಿಟ್ಟ. ಒಂದ್ಸಲ ಅಮ್ಮ ಅನ್ನಿಸಿ. ಸಾಕು."

"ಅಮಾಗೈ... ಅಮ್ಮನನ್ನ ಕರೀತಾನೆ."

ಅಮಾಗೈಯ ದವಡೆ ತೆರೆಯಿತು. ತುಟಿ ಕೂಡಿತು, ಬಿಟ್ಟಿತು.

"ಅಮ್ಮ."

ದನಿ ಒನೊಡೆರಾನದು. ಒರಟು, ತುಂಬು, ಮೈಕಿಗೆ ಹೇಳಿ ಮಾಡಿಸಿದ ದನಿ.

ಫುಮಿಯೆ ಚೀರಲಿಲ್ಲ. ಮಗನ ತಲೆಯ ಮೇಲಿನ ಕೈಯನ್ನು ಮೆಲ್ಲಗೆ ತೆಗೆದಳು. "ಬಿಡಿ," ಎಂದಳು. "ಇವನು ನನ್ನ ಹುಡುಗ ಅಲ್ಲ. ಬಿಟ್ಬಿಡಿ ಇವನನ್ನ."

ಒನೊಡೆರಾ ಬಾಯಿ ಮುಚ್ಚಿದ. ಅಮಾಗೈ ಪಕ್ಕಕ್ಕೆ ವಾಲಿ ತಾಯಿಯ ಮಡಿಲಿಗೆ ಬಿದ್ದ. ಆ ಮೌನದಲ್ಲಿ ಒನೊಡೆರಾ ಮೊಣಕಾಲೂರಿ, ಹಣೆ ನೆಲಕ್ಕೆ ಹಚ್ಚಿ, ಕ್ಷಮಿಸಿ ಎನ್ನಹೋದ. ತುಟಿ ಆಡಿತು. ಸದ್ದು ಬರಲಿಲ್ಲ. ಕೆಮ್ಮಿದ, ಕೆಮ್ಮಿಗೂ ಸದ್ದಿಲ್ಲ. ಹತಾನೊ ಬಾಗಿಲಲ್ಲಿ ನಿಂತು ನೋಡಿದ, ಮುಖ ತಿರುಗಿಸಿಕೊಂಡ.

ಚಿತಾಗಾರದಲ್ಲಿ ಸೇರಿದವರು ಕೆಲವೇ ಮಂದಿ: ಫುಮಿಯೆ, ಕುಮೆ, ಹತಾನೊ, ಬಂದರಿನ ನಾಲ್ಕಾರು ಹೆಂಗಸರು. ಹಿಮ ನಿಂತು ಬಿಸಿಲು ಬಿದ್ದಿತ್ತು. ಒನೊಡೆರಾ ಕಪ್ಪು ಕೋಟು ತೊಟ್ಟು ಎಲ್ಲರ ಹಿಂದೆ ನಿಂತಿದ್ದ. ಭಿಕ್ಷುವಿನ ಮಂತ್ರ ಮುಗಿಯಿತು. ಪೆಟ್ಟಿಗೆ ಉಕ್ಕಿನ ಹಳಿಯ ಮೇಲೆ ಜಾರಿ ಕುಲುಮೆಯೊಳಗೆ ಹೋಯಿತು. ನೌಕರ ಕೈಗವಸು ಸರಿಮಾಡಿಕೊಳ್ಳುತ್ತ ನಿಂತ.

"ಈಗ ಬಾಗಿಲು ಮುಚ್ತಾರೆ," ಎಂದಿತು ಒನೊಡೆರಾನ ದನಿ.

ನೌಕರನ ಕೈ ತಾನಾಗಿ ಹಿಡಿಕೆಗೆ ಹೋಯಿತು. ಬಾಗಿಲು ಮುಚ್ಚಿತು. ಎಲ್ಲರೂ ಹಿಂದಕ್ಕೆ ತಿರುಗಿ ಒನೊಡೆರಾನನ್ನು ನೋಡಿದರು. ಅವನು ಎರಡೂ ಅಂಗೈಗಳಿಂದ ತನ್ನ ಬಾಯಿಯನ್ನು ಅಮುಕಿ ಹಿಡಿದುಕೊಂಡಿದ್ದ.

ಉಕ್ಕಿನ ಬಾಗಿಲಿನ ಆಚೆಯಿಂದ ಅದೇ ದನಿ, ಸ್ಪಷ್ಟವಾಗಿ, ಒಂದಿಷ್ಟೂ ನಡುಗದೆ ಮುಂದುವರಿಯಿತು.

"ಈಗ ಬೆಂಕಿ ಹತ್ತುತ್ತೆ."